ಘಾಟಿ ಇಳಿಯುವ ಮುನ್ನ

ಪ್ರೀತಿಯ ಪುಟ್ಟಿ,

ನಮ್ಮ ರಾಜ್‌ದೂತ್ 350 ಬೈಕ್‌ನಲ್ಲೇ ಬೆಂಗಳೂರಿನಿಂದ ಮಂಗಳೂರಿಗೆ ಹೋಗುತ್ತೇನೆ ಎಂದೆಯಲ್ಲ, ಹೋಗು. ನನಗೆ ಅದಕ್ಕಿಂತ ಸಂತೋಷದ ಸುದ್ದಿ ಬೇರೆ ಇಲ್ಲ. ಆದರೆ ಶಿರಾಡಿ ಘಾಟಿ ಇಳಿಯುವ ಮುನ್ನ ಈ ಗಾಡಿಯ ಸ್ವಭಾವ ನಿನಗೆ ಗೊತ್ತಿರಬೇಕು.

ಇದು ಹುಟ್ಟಿನಿಂದ ಜಪಾನಿನದು. ಯಮಹಾ 1973ರಲ್ಲಿ ತಂದ ಆರ್‌ಡಿ 350ಯನ್ನು ಎಸ್ಕಾರ್ಟ್ಸ್ ಕಂಪನಿ 1983ರಿಂದ ನಮ್ಮ ದೇಶದಲ್ಲಿ ತಯಾರಿಸಿತು. ಅಲ್ಲಿ 39 ಅಶ್ವಶಕ್ತಿ ಕೊಡುತ್ತಿದ್ದ 347 ಸಿಸಿ ಎಂಜಿನ್ ಇಲ್ಲಿ ಹೈ ಟಾರ್ಕ್ ಮಾದರಿಯಲ್ಲಿ 30.5ಕ್ಕೆ ಇಳಿಯಿತು. ಆಮೇಲೆ ಬಂದ ಲೋ ಟಾರ್ಕ್‌ನಲ್ಲಿ 27ಕ್ಕೆ. ಪೆಟ್ರೋಲ್ ಉಳಿಸಲೆಂದು ಶಕ್ತಿ ಕಡಿತಗೊಳಿಸಿದರು. ಹಾಗೆ ಮಾಡಿಯೂ ಮೈಲೇಜ್ ಕೇಳುವವರ ಮನಸ್ಸು ಗೆಲ್ಲಲಾಗಲಿಲ್ಲ. ನನಗೆ ಅದು ಇಂದಿಗೂ ನೋವಿನ ಸಂಗತಿ. ನಮ್ಮದು ಹೈ ಟಾರ್ಕ್.

ಎರಡು ಸಿಲಿಂಡರ್‌ಗಳಲ್ಲಿ ಒಂದರ ಪಿಸ್ಟನ್ ಏರುವಾಗ ಇನ್ನೊಂದರದು ಇಳಿಯುತ್ತದೆ. ಕೆಳಗಿನ ಆರ್‌ಪಿಎಂನಲ್ಲಿ, ಅಂದರೆ ಎಂಜಿನ್ ನಿಮಿಷಕ್ಕೆ ಕಡಿಮೆ ಸುತ್ತು ತಿರುಗುವಾಗ, ಸಾಧುವಾಗಿ ಸಾಗುವ ಗಾಡಿ, ಮೀಟರಿನ ಸೂಜಿ ಐದು ಸಾವಿರ ದಾಟಿತೆಂದರೆ ಒಮ್ಮೆಲೇ ಮುನ್ನುಗ್ಗುತ್ತದೆ. ತಿರುವಿನ ನಡುವೆ ಆ ಹಂತಕ್ಕೆ ತರಬೇಡ. ಮೊದಲೇ ಗೇರ್ ಆರಿಸಿಕೊ, ತಿರುವು ಬಿಚ್ಚಿಕೊಂಡ ಮೇಲೆ ಆಕ್ಸಿಲರೇಟರ್ ಕೊಡು. ಹಾಸನದ ದಾರಿಯಲ್ಲಿ ನಿನಗೆ ಇದರ ಪೂರ್ತಿ ಸುಖ ಸಿಗುತ್ತದೆ.

ಇಳಿಜಾರಿನ ವಿಷಯ ಬೇರೆ. ಟೂ-ಸ್ಟ್ರೋಕ್ ಎಂಜಿನ್‌ನ ಪಿಸ್ಟನ್‌ಗೆ ಜಿಡ್ಡು ಸಿಗುವುದು ಒಳಗೆ ಹೋಗುವ ಪೆಟ್ರೋಲ್ ಮತ್ತು ಗಾಳಿಯ ಜೊತೆಗೇ. ನಮ್ಮ ಗಾಡಿಯಲ್ಲಿ ಆಟೋಲ್ಯೂಬ್ ಪಂಪ್ ಆಯಿಲ್ ಕೊಡುತ್ತದೆ, ಆದರೆ ನೀನು ಆಕ್ಸಿಲರೇಟರ್ ಕಡಿಮೆ ತಿರುಗಿಸಿದಷ್ಟೂ ಅದು ಕೊಡುವ ಆಯಿಲ್ ಕಡಿಮೆ. ಅದನ್ನು ಪೂರ್ತಿ ಮುಚ್ಚಿ, ಗೇರ್‌ನಲ್ಲೇ ಮೈಲಿಗಟ್ಟಲೆ ಇಳಿದರೆ ಎಂಜಿನ್ ಜೋರಾಗಿ ತಿರುಗುತ್ತಿರುತ್ತದೆ, ಆಯಿಲ್ ಸಾಲುವುದಿಲ್ಲ, ಪಿಸ್ಟನ್ ಸೀಜ್ ಆಗಬಹುದು, ಅಂದರೆ ಸಿಲಿಂಡರ್‌ನಲ್ಲೇ ಸಿಕ್ಕಿಕೊಂಡು ನಿಂತುಬಿಡಬಹುದು. ಆದ್ದರಿಂದ ನಡುನಡುವೆ ಕ್ಲಚ್ ಹಿಡಿದು ಆಕ್ಸಿಲರೇಟರ್ ಸ್ವಲ್ಪ ತಿರುಗಿಸು. ಹಿಂದಿನ ಚಕ್ರ ಹಿಡಿದಂತೆ ಅನಿಸಿದ ಕ್ಷಣವೇ ಕ್ಲಚ್ ಒತ್ತು, ಯೋಚಿಸುತ್ತಾ ಕೂರಬೇಡ.

ಜಪಾನಿನ ಗಾಡಿಗೆ ಮುಂದೆ ಡಿಸ್ಕ್ ಬ್ರೇಕ್ ಇತ್ತು, ನಮ್ಮದಕ್ಕೆ ಡ್ರಮ್. ಬಿಸಿಯಾದಂತೆ ಅದರ ಹಿಡಿತ ಸಡಿಲವಾಗುತ್ತದೆ. ಲಾರಿಗಳಿಂದ ದೂರವಿರು, ಅವಸರ ಬೇಡ.

ಸಕಲೇಶಪುರದಲ್ಲಿ ನಿಲ್ಲಿಸಿ ಆಯಿಲ್ ಟ್ಯಾಂಕ್ ನೋಡು. ಮಂಗಳೂರು ತಲುಪಿ ಎಂಜಿನ್ ತಣ್ಣಗಾದ ಮೇಲೆ ಎರಡೂ ಸ್ಪಾರ್ಕ್ ಪ್ಲಗ್ ಬಿಚ್ಚಿ, ಬಣ್ಣ ಹೇಗಿದೆ ಎಂದು ನನಗೆ ತಿಳಿಸು. ಎಡದ್ದು ಕಪ್ಪಾಗಿ ಬಲದ್ದು ಬೆಳ್ಳಗಿದ್ದರೆ ಎರಡಕ್ಕೂ ಪೆಟ್ರೋಲ್ ಸಮನಾಗಿ ಹೋಗುತ್ತಿಲ್ಲ ಎಂದರ್ಥ, ಗಾಡಿಯನ್ನು ಅಲ್ಲೇ ಬಿಡು. ನಾನೇ ಬಂದು ಕಾರ್ಬ್ಯುರೇಟರ್‌ಗಳನ್ನು ಸರಿಹೊಂದಿಸುತ್ತೇನೆ.

ನಿನ್ನ
ಅಪ್ಪ