ಹೆಣ ಬೇಡ, ಠರಾವು ಪುಸ್ತಕ ಕಳುವಾಗಲಿ

ಪ್ರೀತಿಯ ದೋಸ್ತ,

ನೀ ಕಳಿಸಿದ ಪತ್ತೇದಾರಿ ಕಾದಂಬರಿಯ ಕರಡು ಓದಿದೆ. ನಾಯಕಿ ವಿಜಯಪುರದಾಗ ಜಂಪರ್ ಹೊಲಿಯುವಾಕೆ, ಅವಳ ಸಂಗಾತಿಯೂ ಹೆಂಗಸೇ, ಬಸ್ ಕಂಡಕ್ಟರ್. ಈ ಜೋಡಿಯನ್ನು ಯಾರು ಏನೇ ಅಂದರೂ ಬಿಡಬೇಡ. ಆದರೆ ಮೊದಲ ಪುಟದ ಹೆಣ ತೆಗೆದುಹಾಕು. ಅದೂ ಸತ್ತವಳು ಇನ್ನೊಬ್ಬ ಹುಡುಗಿಯನ್ನು ಪ್ರೀತಿಸಿದವಳು ಅಂದಮೇಲೆ ನಗಿಸುವ ಕಾದಂಬರಿ ಅಲ್ಲಿಗೇ ಮುಗಿಯಿತು. ಇಂಥ ಸಾವಿನ ಸುದ್ದಿಗಳನ್ನು ಪೇಪರಿನಲ್ಲಿ ಓದಿ ಬೇಸತ್ತವರೇ ನಿನ್ನ ಪುಸ್ತಕ ಕೊಳ್ಳುವವರು. ಹೆಣದ ಬದಲು, ಇವರಂಥ ಹೆಂಗಸರು ಕಟ್ಟಿಕೊಂಡ ಸಂಘದ ಠರಾವು ಪುಸ್ತಕ, ಅಂದರೆ ಸಭೆಯ ನಿರ್ಣಯ ಬರೆದಿಡುವ ಪುಸ್ತಕ, ಕಳುವಾಗಲಿ.

ಅದು ಸಣ್ಣ ಕಳವಲ್ಲ. ಕರ್ನಾಟಕದಲ್ಲಿ ಸಂಘ ನೋಂದಾಯಿಸಲು 1960ರ ಕಾಯ್ದೆ ಪ್ರಕಾರ ಕನಿಷ್ಠ 7 ಜನ ಬೇಕು. ನಮ್ಮ ಕಡೆಯ ಊರಲ್ಲಿ ತನ್ನ ಹೆಸರು, ವಿಳಾಸ ಬರೆದು ಸಹಿ ಹಾಕುವ ಏಳು ಹೆಂಗಸರನ್ನು ಕೂಡಿಸುವುದೇ ಒಂದು ಅಧ್ಯಾಯ ಆಗುತ್ತದೆ. ಸಂಘ ಆದಮೇಲೆ ಚೆಕ್ಕಿಗೆ ಸಹಿ ಮಾಡುವವರು ಬದಲಾದರೆ ಬ್ಯಾಂಕಿನವರು ಮೊದಲು ಕೇಳುವುದು ಠರಾವಿನ ಪ್ರತಿ. ಪುಸ್ತಕ ಇಲ್ಲದಿದ್ದರೆ ಹೊಸ ಖಜಾಂಚಿ ಹೆಸರಿಗಷ್ಟೇ ಖಜಾಂಚಿ, ಹಳೆಯವಳ ಸಹಿಯೇ ನಡೆಯುತ್ತದೆ. ಹಾಗಾಗಿ ಎಲ್ಲರ ಅನುಮಾನ ಹಳೆಯ ಖಜಾಂಚಿಯ ಮೇಲೆ ಹೋಗಲಿ. ನಿಜವಾಗಿ ಒಯ್ದವಳು ಬೇರೆ. ಪುಸ್ತಕದಲ್ಲಿ ಪ್ರತಿ ಸಭೆಯ ಹಾಜರಿ ಸಹಿ ಇರುತ್ತದೆ, ಅದರ ಪ್ರತಿ ಹೋಗಬೇಕಾದ ಬ್ಯಾಂಕಿನಲ್ಲಿ ಅವಳ ಸೋದರಮಾವ ಕೆಲಸಕ್ಕೆ ಸೇರಿದ್ದಾನೆ. ಅವಳಿಗೆ ರೊಕ್ಕ ಬೇಕಿಲ್ಲ, ತನ್ನ ಸಹಿ ಇರುವ ಹಾಳೆ ಅವನ ಕಣ್ಣಿಗೆ ಬೀಳಬಾರದು ಅಷ್ಟೇ. ಓದುಗರು ಕೊನೆಗೆ ಕಳ್ಳಿಯ ಪರ ನಿಲ್ಲುತ್ತಾರೆ, ನಗುವೂ ಉಳಿಯುತ್ತದೆ.

ನಗು ಸಭೆಯಿಂದ ಬರಲಿ. ಒಬ್ಬಳು "ಪುಸ್ತಕ ಕಳದೈತಿ ಅಂತ ಈಗಿಂದೀಗ ಒಂದ್ ಠರಾವು ಮಾಡೋಣ" ಅನ್ನುತ್ತಾಳೆ. ಹಿಂದಿನ ಸಾಲಿನಿಂದ "ಯಾವ ಪುಸ್ತಕದಾಗ ಬರೀಬೇಕ್ರೀ ಅದನ್ನ?" ಅಂತ ಪ್ರಶ್ನೆ ಬರುತ್ತದೆ. ಈ ಮಾತಿನ ಮೇಲೆ ಒಂದು ತಾಸು ವಾದ ನಡೆಯಬಹುದು, ನಡೆಯಲಿ. ನಿನ್ನ ಕರಡಿನಲ್ಲಿ ನಗು ಬರುವುದೆಲ್ಲ ನಾಯಕಿಯ ಗಂಡುಕತ್ತರಿ ಕೂದಲಿನಿಂದ, ಅವಳನ್ನು "ತಮ್ಮಾ" ಅಂದು ಕರೆಯುವ ಟಂಟಂ ಡ್ರೈವರನಿಂದ. ಅದು ಅವಳನ್ನು ನೋಡಿ ನಗುವ ನಗು. ಅವಳು ಯಾರನ್ನು ಪ್ರೀತಿಸುತ್ತಾಳೆ ಅನ್ನುವುದು ಕಾದಂಬರಿಯ ಒಗಟೂ ಆಗಬಾರದು, ಜೋಕೂ ಆಗಬಾರದು. ಎರಡನೇ ಪುಟಕ್ಕೇ ಎಲ್ಲರಿಗೂ ಗೊತ್ತಿರಲಿ.

ಜಗಳವನ್ನೇ ಕತೆಯ ಬೆನ್ನೆಲುಬು ಮಾಡುವುದು ಹೊಸದೇನಲ್ಲ. ಬಾರ್ಬರಾ ವಿಲ್ಸನ್ 1984ರಲ್ಲಿ ಬರೆದ 'ಮರ್ಡರ್ ಇನ್ ದಿ ಕಲೆಕ್ಟಿವ್'ನಲ್ಲಿ ಸಿಯಾಟಲ್‌ನ ಎರಡು ಕೂಟಗಳು ಒಂದಾಗಲು ಹೊರಡುತ್ತವೆ, ಒಂದು ಎಡಪಂಥದವರ ಮುದ್ರಣಾಲಯ, ಇನ್ನೊಂದು ಲೆಸ್ಬಿಯನ್ ಹೆಂಗಸರ ಅಕ್ಷರ ಜೋಡಣೆಯದು. ಅಪರಾಧ ನಡೆಯುವುದು ಆ ಕೂಡಿಕೆಯ ತಕರಾರಿನ ನಡುವೆಯೇ. ಅಲ್ಲಿಯ ತಕರಾರನ್ನು ಇಲ್ಲಿಗೆ ಎತ್ತಿ ತರಬೇಡ, ನಮ್ಮಲ್ಲಿ ನಮ್ಮದೇ ಬೇಕಾದಷ್ಟಿದೆ.

ಮುಖ್ಯವಾದದ್ದು ಹಣದ್ದು. ಜಿಲ್ಲೆಗಳಲ್ಲಿ ಲೈಂಗಿಕ ಅಲ್ಪಸಂಖ್ಯಾತ ಸಮುದಾಯದ ಬಹಳ ಸಂಘಗಳು ಬೆಳೆದದ್ದು ಎಚ್‌ಐವಿ ತಡೆ ಯೋಜನೆಗಳ ಅನುದಾನದಿಂದ. ಆ ಅನುದಾನ ಸೋಂಕಿನ ಅಪಾಯ ಹೆಚ್ಚಿರುವ ಗುಂಪುಗಳಿಗೆ: ಲೈಂಗಿಕ ಕಾರ್ಯಕರ್ತೆಯರು, ಗಂಡಸರೊಂದಿಗೆ ಸಂಬಂಧವಿರುವ ಗಂಡಸರು, ಟ್ರಾನ್ಸ್‌ಜೆಂಡರ್ ಜನ, ಸೂಜಿಯಲ್ಲಿ ಮಾದಕವಸ್ತು ಚುಚ್ಚಿಕೊಳ್ಳುವವರು. ಲೆಸ್ಬಿಯನ್ ಹೆಂಗಸರು ಆ ಪಟ್ಟಿಯಲ್ಲೇ ಇಲ್ಲ. ಹೀಗಾಗಿ ಕೋಣೆ ಒಬ್ಬರದು, ಬಾಡಿಗೆ ಕಟ್ಟುವ ಯೋಜನೆ ಇನ್ನೊಬ್ಬರದು, ಹೆಂಗಸರು ಕೇಳಿಕೊಂಡು ಕೂಡಬೇಕು. ಕೀಲಿ ಯಾರ ಹತ್ತಿರ ಇರುತ್ತದೆ, ಯೋಜನೆ ಮುಗಿದ ತಿಂಗಳು ಕಪಾಟು ಯಾರದಾಗುತ್ತದೆ ಅನ್ನುವುದರಲ್ಲೇ ನಿನ್ನ ಅರ್ಧ ಸುಳಿವುಗಳಿವೆ. ಯಾರನ್ನೂ ಖಳ ಮಾಡದೆ ಇದನ್ನು ಬರೆಯಬಹುದು.

ಎರಡನೆಯದು ದಿನ, ವೇಳೆಯದು. ನೀನು ವಾರ್ಷಿಕ ಸಭೆಯನ್ನು ಭಾರತ ಹುಣ್ಣಿಮೆಯ ಸಂಜೆ ಏಳಕ್ಕೆ ಇಟ್ಟು, ಅದರಲ್ಲಿ ಎಲ್ಲಮ್ಮನ ಸೇವೆಗೆ ನಿಂತ ಜೋಗಪ್ಪಗಳನ್ನೂ ಕೂರಿಸಿದ್ದಿ. ಆ ದಿನ ಅವರು ಸವದತ್ತಿ ಎಲ್ಲಮ್ಮನ ಗುಡ್ಡದಲ್ಲಿರುತ್ತಾರೆ, ಬನದ ಹುಣ್ಣಿಮೆಗೂ ಹಾಗೇ. ಸಂಜೆ ಏಳಕ್ಕೆ ಹಾಸ್ಟೆಲ್ ಹುಡುಗಿಯರು ಗೇಟಿನ ಒಳಗೆ, ಮದುವೆಯಾದವರು ರೊಟ್ಟಿ ಬಡಿಯುತ್ತ ಒಲೆಯ ಮುಂದೆ. ಅಥವಾ ತಪ್ಪನ್ನೇ ಸುಳಿವು ಮಾಡು: ಇವರಾರೂ ಬರಬಾರದೆಂದೇ ಆ ದಿನ, ಆ ವೇಳೆ ಗೊತ್ತುಮಾಡಿದವಳು ಯಾರು?

ಇನ್ನು ಪುರಾವೆ. ಹೊಲಿಯುವಾಕೆಯ ಕಣ್ಣನ್ನು ನೀ ಬಳಸಿಯೇ ಇಲ್ಲ. ಜಂಪರ್ ಸಡಿಲ ಮಾಡಿದರೆ ಹಳೆಯ ಹೊಲಿಗೆ ಬಿಚ್ಚಿದ ಸಾಲಿನಲ್ಲಿ ಸೂಜಿಯ ತೂತುಗಳು ಉಳಿಯುತ್ತವೆ, ಒಳಗೆ ಮಡಚಿದ್ದ ಬಟ್ಟೆಗೆ ಬಿಸಿಲು ತಾಗಿರದ ಕಾರಣ ಅಷ್ಟಗಲ ಬಣ್ಣ ಗಾಢವಾಗಿರುತ್ತದೆ. ಗುಳೇದಗುಡ್ಡದ ಖಣದ ಗಾಢ ಬಣ್ಣದಲ್ಲಿ ಇದು ಎದ್ದು ಕಾಣುತ್ತದೆ. "ಇದು ನನ್ನ ಜಂಪರ್ ಅಲ್ಲ" ಅಂದವಳ ಅಳತೆ ನಾಯಕಿಯ ವಹಿಯಲ್ಲಿದೆ: ಹೋದ ವರ್ಷದ ಎದೆ ಅಳತೆ, ಈ ವರ್ಷದ್ದು, ನಡುವಿನ ಅಂತರ ಆ ಗಾಢ ಪಟ್ಟಿಗಳಿಗೆ ಸರಿಯಾಗಿ ಕೂಡುತ್ತದೆ. ಬೆರಳಚ್ಚು ತಜ್ಞ ಬೇಕಿಲ್ಲ.

ಕಂಡಕ್ಟರಳಿಗೆ ಟಿಕೆಟ್ ಕೊಡು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದಮೇಲೆ ಹೆಂಗಸರಿಗೆ ಶೂನ್ಯ ಟಿಕೆಟ್ ಹರಿಯಲೇಬೇಕು, ಅದರಲ್ಲಿ ದಿನ, ವೇಳೆ, ಹತ್ತಿದ ಊರು, ಇಳಿಯುವ ಊರು ಎಲ್ಲ ಇರುತ್ತದೆ. ಅನುಮಾನದವಳು "ಆವತ್ತು ನಾ ಸೊಲ್ಲಾಪುರದಾಗಿದ್ದೆ" ಅಂದು ಪರ್ಸಿನಿಂದ ಮಡಚಿದ ಶೂನ್ಯ ಟಿಕೆಟ್ ತೋರಿಸಲಿ. ಸೊಲ್ಲಾಪುರದ ತನಕ ಶೂನ್ಯ ಟಿಕೆಟ್ ಬರುವುದಿಲ್ಲ, ಅಂತರರಾಜ್ಯ ಪ್ರಯಾಣಕ್ಕೆ ರೊಕ್ಕ ಕೊಡಬೇಕು. ಕಂಡಕ್ಟರಳು ಅಷ್ಟಕ್ಕೇ ಹಿಡಿಯುತ್ತಾಳೆ. ಒಂದು ಎಚ್ಚರ: ಆ ಕಾಗದ ಬಿಸಿಯಿಂದ ಅಚ್ಚಾಗುವಂಥದ್ದು. ಪ್ಲಾಸ್ಟಿಕ್ ಪರ್ಸಿನಲ್ಲಿಟ್ಟರೆ, ನಮ್ಮ ಏಪ್ರಿಲ್ ಬಿಸಿಲಿಗೆ ಸಿಕ್ಕರೆ ಅಕ್ಷರ ಬೇಗ ಮಾಸುತ್ತವೆ. ನಿನ್ನ ಕತೆಯಲ್ಲಿ ಎಂಟು ತಿಂಗಳ ಟಿಕೆಟ್ಟನ್ನು ಪಟಪಟ ಓದುತ್ತಾರೆ. ಸಿಕ್ಕ ದಿನವೇ ಫೋಟೋ ತೆಗೆಸು.

ಗೋಳಗುಮ್ಮಟದ ದೃಶ್ಯ ಇರಲಿ, ವೇಳೆ ಬದಲಿಸು. ಪಿಸುಮಾತು ಗೋಡೆಯ ಬಾಗು ಹಿಡಿದು ಸಾಗಿ ಎದುರು ಬದಿಗೆ ಕೇಳುವುದು ನಿಜ. ಆದರೆ ಶಾಲೆಯ ಪ್ರವಾಸದ ಮಕ್ಕಳು ಬಂದಮೇಲೆ ಅಲ್ಲಿ ಕೂಗಿದ ಮಾತೂ ತಿಳಿಯುವುದಿಲ್ಲ, ಪ್ರತಿಧ್ವನಿಯ ಮೇಲೆ ಪ್ರತಿಧ್ವನಿ ಬಿದ್ದು ಕಲಸಿಹೋಗುತ್ತದೆ. ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಹತ್ತಿಸು. ಪಿಸುಗುಟ್ಟುವವಳು ಗೋಡೆಗೆ ಮುಖ ಮಾಡಿರಲಿ, ಕೇಳುವವಳ ಕಿವಿಯೂ ಗೋಡೆಗೇ ಇರಲಿ.

ಕಾನೂನಿನ ಎರಡು ತಪ್ಪು ತಿದ್ದು. ಬ್ಲ್ಯಾಕ್‌ಮೇಲ್ ಮಾಡುವವನು "377 ಹಾಕಸ್ತೀನಿ" ಅನ್ನುತ್ತಾನೆ. ವಯಸ್ಕರ ಒಪ್ಪಿತ ಸಲಿಂಗ ಸಂಬಂಧ ಆ ಕಲಮಿನಡಿ ಅಪರಾಧವಲ್ಲ ಎಂದ 2018ರ ಸೆಪ್ಟೆಂಬರ್ 6ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಆ ಮಾತಿಗೆ ಬೆಲೆಯಿಲ್ಲ. "ನಿಮ್ಮಪ್ಪಗ ಹೇಳ್ತೀನಿ" ಅನ್ನಿಸು, ಹುಡುಗಿ ನಡುಗುವುದು ಅದಕ್ಕೆ. ಎರಡನೆಯದು, ಜಮಖಂಡಿಯಲ್ಲಿ ಮನೆಯವರು ಕೂಡಿಹಾಕಿದ ಹುಡುಗಿಗಾಗಿ ಹೇಬಿಯಸ್ ಕಾರ್ಪಸ್, ಅಂದರೆ ಕೂಡಿಹಾಕಿದವರನ್ನು ಕೋರ್ಟಿನ ಮುಂದೆ ತರಿಸುವ ಅರ್ಜಿ, ಹಾಕಲು ನಾಯಕಿ ಮತ್ತು ಕಂಡಕ್ಟರಳನ್ನು ಬೆಂಗಳೂರಿಗೆ ಓಡಿಸಿದ್ದಿ. ಜಮಖಂಡಿ ಇರುವ ಬಾಗಲಕೋಟೆ ಜಿಲ್ಲೆಗೆ ಹೈಕೋರ್ಟಿನ ಧಾರವಾಡ ಪೀಠ, ವಿಜಯಪುರಕ್ಕೆ ಕಲಬುರಗಿ ಪೀಠ. ಇಬ್ಬರೂ ವಿಜಯಪುರದವರಾದ್ದರಿಂದ ಮೊದಲು ಕಲಬುರಗಿ ಬಸ್ ಹತ್ತಿ, ವಕೀಲರು ಫೋನಿನಲ್ಲಿ ಬೈದಮೇಲೆ ಸಿಂದಗಿಯಲ್ಲಿ ಇಳಿದರೆ ನಗಲಿಕ್ಕೆ ಒಂದು ಜಾಗ ಸಿಕ್ಕಿತು. ಕೋರ್ಟಿನ ಒಳಗೆ ಮಾತ್ರ ನಗಿಸಬೇಡ. ಇಂಥ ಪ್ರಕರಣಗಳಿಗೆ ಸುಪ್ರೀಂ ಕೋರ್ಟ್ 2024ರ ಮಾರ್ಚ್ 11ರಂದು ಮಾರ್ಗಸೂಚಿ ಕೊಟ್ಟಿದೆ: ನ್ಯಾಯಾಧೀಶರು ಹುಡುಗಿಯೊಂದಿಗೆ ಮನೆಯವರ ಒತ್ತಡವಿಲ್ಲದಂತೆ ಖಾಸಗಿಯಾಗಿ ಮಾತಾಡಬೇಕು, ಮನಸ್ಸು ಬದಲಿಸುವ ಕೌನ್ಸೆಲಿಂಗಿಗೆ ಕಳಿಸಬಾರದು. ಆ ಕೋಣೆಯ ಮಾತನ್ನು ಹೊರಗೆ ಬೆಂಚಿನ ಮೇಲೆ ಕಾಯುವ ಕಂಡಕ್ಟರಳ ಕಡೆಯಿಂದ ಬರೆ.

ಮೊದಲು ಸಭೆಯ ಅಧ್ಯಾಯವನ್ನೇ ತಿದ್ದಿ ಕಳಿಸು. ಬರೆಯುವ ಮುಂಚೆ ಒಂದು ಹಾಳೆಯಲ್ಲಿ ಕಪಾಟು, ಬಾಗಿಲು, ಚಹಾದ ಕಿಟ್ಲಿ ಎಲ್ಲಿ, ಯಾರು ಯಾರ ಪಕ್ಕ ಕೂತರು ಅಂತ ಗೆರೆ ಹಾಕಿಕೋ. ಕರಡಿನಲ್ಲಿ ಹಳೆಯ ಖಜಾಂಚಿ ಒಂದೇ ಪುಟದಲ್ಲಿ ಎರಡು ಕಡೆ ಕೂತಿದ್ದಾಳೆ.

ನಿನ್ನ ದೋಸ್ತ
ವಿಜಯಪುರ