ಹಾರಿಸಿಬಿಟ್ಟ ಜಗಳ

ಪ್ರಿಯ ಕಥೆಗಾರ್ತಿಗೆ,

ನಿಮ್ಮ ಕಥೆ ತಲುಪಿತು. 'ಇದು ಬರೀ ಕರಡು, ತಪ್ಪಿದ್ದರೆ ಮನ್ನಿಸಿ' ಎಂದು ಬರೆದಿದ್ದೀರಿ. ಮನ್ನಿಸುವುದೇನು ಬಂತು, ಆ ತಪ್ಪುಗಳಿಗಾಗಿಯೇ ಮತ್ತೊಮ್ಮೆ ಓದಿದೆ.

ಕಾಗುಣಿತದ ಮಾತು ಬಿಡಿ, ಅದನ್ನು ಯಾರಾದರೂ ತಿದ್ದಿಕೊಡುತ್ತಾರೆ. ತೊಡಕು ಇರುವುದು ಬೇರೆ ಕಡೆ. ಮನೆ ಮಾರುವ ವಿಷಯಕ್ಕೆ ಅಣ್ಣ ತಂಗಿ ಜಗಳವಾಡುತ್ತಾರೆ. ಇಡೀ ಕಥೆ ನಿಂತಿರುವುದೇ ಆ ಜಗಳದ ಮೇಲೆ. ನೀವು ಅದಕ್ಕೆ ಕೊಟ್ಟದ್ದು ಒಂದೇ ಸಾಲು: 'ಇಬ್ಬರಿಗೂ ಮಾತಿಗೆ ಮಾತು ಬೆಳೆಯಿತು.' ಆಮೇಲೆ ಒಂದೂವರೆ ಪುಟ ಮಳೆ. ಮಳೆ ಚೆನ್ನಾಗಿಯೇ ಸುರಿದಿದೆ, ಆದರೆ ಅದರ ಮರೆಯಲ್ಲಿ ನೀವು ತಪ್ಪಿಸಿಕೊಂಡಿದ್ದೀರಿ. ಕರಡಿನಲ್ಲಿ ವರ್ಣನೆ ಇದ್ದಕ್ಕಿದ್ದಂತೆ ದಟ್ಟವಾದರೆ ನನಗೆ ಗುಮಾನಿ: ಬರೆಯಲು ಅಳುಕಿದ್ದು ಏನೋ ಅಲ್ಲೇ ಹತ್ತಿರದಲ್ಲಿದೆ. ಅದಕ್ಕೇ ಕೆಟ್ಟ ಕರಡನ್ನು ಹರಿದುಹಾಕಬೇಡಿ. ನೀವು ಎಲ್ಲಿ ಅಂಜಿದಿರಿ ಎಂಬುದು ಅದರಲ್ಲಲ್ಲದೆ ಬೇರೆಲ್ಲೂ ಸಿಗುವುದಿಲ್ಲ.

ಅಣ್ಣ ಏನಂದ? ತಂಗಿ ಯಾವ ಹಳೆಯ ಲೆಕ್ಕ ತೆಗೆದಳು? ಮೊದಲು ದನಿ ಏರಿಸಿದ್ದು ಯಾರು? ಕರಡನ್ನು ಮುಚ್ಚಿಟ್ಟು ಆ ಭಾಗವೊಂದನ್ನೇ ಬರೆಯಿರಿ. ಹಳೆಯ ವಾಕ್ಯಗಳು ಕಣ್ಣೆದುರಿಗಿದ್ದರೆ ಕೈ ಅವನ್ನೇ ನೇವರಿಸುತ್ತ ಕೂರುತ್ತದೆ. ಪದ ಬದಲಾಗುತ್ತದೆ, ಕಥೆ ಅಲ್ಲೇ ಇರುತ್ತದೆ. ಬರೆದಾದ ಮೇಲೆ ಗಟ್ಟಿಯಾಗಿ ಓದಿ. ಇಬ್ಬರದೂ ಒಂದೇ ದನಿ ಅನ್ನಿಸಿದರೆ ಇಬ್ಬರ ಬಾಯಲ್ಲೂ ನೀವೇ ಮಾತಾಡುತ್ತಿದ್ದೀರಿ. ಆಗ ಇನ್ನೊಂದು ಸಲ ಬರೆಯಬೇಕಾದೀತು. ಬೇಸರದ ಕೆಲಸ, ಒಪ್ಪುತ್ತೇನೆ.

ಆರಂಭ ಹೇಗಿದೆ ಎಂದು ಕೇಳಿದ್ದೀರಿ. ಇಂಗ್ಲಿಷ್ ಕವಿ ಟಿ.ಎಸ್. ಎಲಿಯಟ್‌ನ ಕವಿತೆ 'ದಿ ವೇಸ್ಟ್ ಲ್ಯಾಂಡ್' ಪ್ರಕಟವಾದದ್ದು 1922ರಲ್ಲಿ. ಅದರ ಕರಡುಗಳು 1971ರಲ್ಲಿ ಅಚ್ಚಾದಾಗ ಓದುಗರಿಗೆ ಗೊತ್ತಾಯಿತು: ಕವಿತೆ ಮೊದಲು ಶುರುವಾಗಿದ್ದು ಅಚ್ಚಾದ ಪ್ರತಿಯಲ್ಲಿರುವಂತೆ ಏಪ್ರಿಲ್ ತಿಂಗಳ ಮಾತಿನಿಂದಲ್ಲ, ಕುಡಿದು ಊರು ಸುತ್ತುವ ಗೆಳೆಯರ ಒಂದು ರಾತ್ರಿಯಿಂದ. 50ಕ್ಕೂ ಹೆಚ್ಚು ಸಾಲು. ಅಷ್ಟಕ್ಕೂ ಕಾಟು ಬಿತ್ತು. ಹಾಗಂತ ಆ ಸಾಲುಗಳು ದಂಡವಾದವು ಅಂತಲ್ಲ; ಅವನ್ನು ದಾಟಿಯೇ ಕವಿ ಏಪ್ರಿಲ್‌ಗೆ ಬಂದದ್ದು. ನಿಮ್ಮ ಮೊದಲ ಎರಡು ಪ್ಯಾರಾಗಳೂ ಹೋಗಬಹುದು. 'ಬೀಗದ ಕೈ ಯಾರ ಹತ್ತಿರ ಇದೆ?' ಎಂದು ತಂಗಿ ಕೇಳುತ್ತಾಳಲ್ಲ, ಕಥೆ ಕಣ್ಣುಬಿಡುವುದು ಅಲ್ಲಿ.

ಮಳೆಯನ್ನು ಪೂರ್ತಿ ತೆಗೆಯಬೇಡಿ, ನಾಲ್ಕು ಸಾಲು ಇರಲಿ. ಜಗಳಕ್ಕೆ ಮೊದಲೋ ನಂತರವೋ ನೀವೇ ನೋಡಿ. ಹೊಸ ಕರಡು ಕಳಿಸಿ. ಇದನ್ನು ಪಕ್ಕದಲ್ಲಿಟ್ಟುಕೊಂಡು ಓದುತ್ತೇನೆ.

ವಿಶ್ವಾಸದಿಂದ