ಬಿಸಿಲಿನ ಸಲಹೆಯಲ್ಲಿ ಹೃದ್ರೋಗಿಗಳಿಗೂ ಎರಡು ಸಾಲು ಇರಲಿ

ಮಾನ್ಯರೆ,

ರಾಯಚೂರಿನ ಬಿಸಿಲು 40 ಡಿಗ್ರಿ ದಾಟಿತೆಂದರೆ ‘ಹೆಚ್ಚು ನೀರು, ಉಪ್ಪು ಹಾಕಿದ ಮಜ್ಜಿಗೆ, ಓಆರ್‌ಎಸ್ ಕುಡಿಯಿರಿ’ ಎಂಬ ಸಲಹೆ ಎಲ್ಲ ಪತ್ರಿಕೆಗಳಲ್ಲೂ ಬರುತ್ತದೆ. ಹೊಲದಲ್ಲಿ ದುಡಿಯುವವರಿಗೆ ಅದು ಸರಿ. ಹೃದಯ ವೈಫಲ್ಯಕ್ಕೆ (ಹೃದಯ ಸಾಕಷ್ಟು ರಕ್ತ ಪಂಪ್ ಮಾಡಲಾಗದ ಸ್ಥಿತಿಗೆ) ಔಷಧ ತೆಗೆದುಕೊಳ್ಳುವವರು ಅದನ್ನೇ ಪಾಲಿಸಿದರೆ ನೀರು ಮೈಯಲ್ಲೇ ನಿಂತು ಕಾಲು ಬಾಯುತ್ತದೆ, ಉಸಿರು ಕಟ್ಟುತ್ತದೆ. ಆ ಸಲಹೆಯ ಕೆಳಗೆ ಇವರಿಗಾಗಿ ಎರಡು ಸಾಲು ಸೇರಿಸಬೇಕೆಂದು ಕೋರುತ್ತೇವೆ.

ಆರೋಗ್ಯವಂತರಿಗೇ ದಿನದ ಉಪ್ಪು 5 ಗ್ರಾಂ, ಅಂದರೆ ಒಂದು ಚಹಾ ಚಮಚ ಮೀರಬಾರದು. ಒಂದು ಲೀಟರ್ ಓಆರ್‌ಎಸ್‌ನಲ್ಲೇ 2.6 ಗ್ರಾಂ ಉಪ್ಪಿರುತ್ತದೆ. ಜೋಳದ ರೊಟ್ಟಿಯಿಂದ ತೊಂದರೆಯಿಲ್ಲ. ತೊಂದರೆ ಇರುವುದು ಪಕ್ಕದ ಉಪ್ಪಿನಕಾಯಿ, ಶೇಂಗಾ ಹಿಂಡಿ, ಹಪ್ಪಳ, ಸಂಜೆಯ ಮಿರ್ಚಿಯಲ್ಲಿ. ‘ಕಡಿಮೆ ಸೋಡಿಯಂ’ ಉಪ್ಪಿನಲ್ಲಿ ಪೊಟ್ಯಾಶಿಯಂ ಇರುವುದರಿಂದ, ಪೊಟ್ಯಾಶಿಯಂ ಅನ್ನು ಮೈಯಲ್ಲೇ ಉಳಿಸುವ ಸ್ಪೈರೊನೊಲ್ಯಾಕ್ಟೋನ್ ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ಅದನ್ನು ಬಳಸಲೇಬಾರದು.

ವೈದ್ಯರು ದಿನಕ್ಕೆ ಒಟ್ಟು ಒಂದೂವರೆ ಲೀಟರ್ ದ್ರವ ಮಾತ್ರ ಎಂದಿದ್ದರೆ ಬೆಳಿಗ್ಗೆ ಅಷ್ಟು ನೀರು ಬಾಟಲಿಗೆ ತುಂಬಿಡಿ. ಚಹಾ, ಮಜ್ಜಿಗೆ, ಸಾರು ಕುಡಿದಾಗಲೆಲ್ಲ ಅಷ್ಟೇ ನೀರನ್ನು ಬಾಟಲಿಯಿಂದ ತೆಗೆಯಿರಿ. ಲೆಕ್ಕ ತಪ್ಪುವುದೇ ಇವುಗಳಲ್ಲಿ.

ಎಲ್ಲಕ್ಕಿಂತ ಮುಖ್ಯ, ಮನೆಯಲ್ಲೊಂದು ತೂಕದ ಯಂತ್ರ. ಬೆಳಿಗ್ಗೆ ಮೂತ್ರ ಮಾಡಿ ಬಂದ ಮೇಲೆ, ಚಹಾಕ್ಕೆ ಮೊದಲು, ಒಂದೇ ಬಗೆಯ ಬಟ್ಟೆಯಲ್ಲಿ ತೂಗಿ ಬರೆದಿಡಿ. ಯಂತ್ರ ಬರೀ ನೆಲದ ಮೇಲಿರಲಿ. ಚಾಪೆಯ ಮೇಲಿಟ್ಟರೆ ತೂಕ ತಪ್ಪು ತೋರಿಸಬಹುದು. ಮೂರು ದಿನದೊಳಗೆ 2 ಕಿಲೊ ಏರಿದರೆ ಅದು ಕೊಬ್ಬಲ್ಲ, ನೀರು. ಕಾಲು ಬಾಯುವ ಮೊದಲೇ ತೂಕ ಏರಿರುತ್ತದೆ, ಆದ್ದರಿಂದ ಊತಕ್ಕೆ ಕಾಯದೆ ಅಂದೇ ವೈದ್ಯರಿಗೆ ತಿಳಿಸಿ.

ಬೇಸಿಗೆಯಲ್ಲಿ ಇದಕ್ಕೆ ತಿರುಗುಮುರುಗಾಗಿಯೂ ಆಗುತ್ತದೆ. ಮೂತ್ರ ಹೆಚ್ಚಿಸುವ ಫ್ಯೂರೊಸೆಮೈಡ್ ಮಾತ್ರೆಯಿಂದ ನೀರು ಹೋಗುತ್ತಿರುವಾಗ ಬೆವರೂ ಸೇರಿದರೆ ತೂಕ ಇಳಿಯುತ್ತದೆ, ಎದ್ದು ನಿಂತರೆ ತಲೆ ಸುತ್ತುತ್ತದೆ, ಮೂತ್ರ ಕಡಿಮೆಯಾಗಿ ಕಡು ಹಳದಿಯಾಗುತ್ತದೆ. ಆಗಲೂ ಅಂದೇ ವೈದ್ಯರಿಗೆ ಫೋನ್ ಮಾಡಿ. ಮಾತ್ರೆ ಎಷ್ಟು ಇಳಿಸಬೇಕು, ನೀರು ಎಷ್ಟು ಏರಿಸಬೇಕು ಎಂಬುದನ್ನು ಅವರೇ ಹೇಳಬೇಕು.

ಮೊಣಕಾಲು ನೋವೆಂದು ಮೆಡಿಕಲ್ ಶಾಪಿನಿಂದ ಡೈಕ್ಲೊಫೆನಾಕ್, ಐಬುಪ್ರೊಫೆನ್ ತರುವುದು ನಮ್ಮಲ್ಲಿ ಸಾಮಾನ್ಯ. ಇವು ಮೂತ್ರಪಿಂಡದಲ್ಲಿ ಉಪ್ಪು, ನೀರು ತಡೆದು ಫ್ಯೂರೊಸೆಮೈಡ್‌ನ ಕೆಲಸ ಕೆಡಿಸುತ್ತವೆ. ದಯವಿಟ್ಟು ತರಬೇಡಿ.

ರಾತ್ರಿ ಮಲಗಲಾಗದೆ ಉಸಿರಿಗಾಗಿ ಎದ್ದು ಕೂಡುವಂತಾದರೆ ಬೆಳಗಿನವರೆಗೆ ಕಾಯದೆ 108ಕ್ಕೆ ಕರೆ ಮಾಡಿ. ಆಂಬುಲೆನ್ಸ್ ಬರುವವರೆಗೆ ಬೆನ್ನಿಗೆ ಆಸರೆ ಕೊಟ್ಟು, ಕಾಲು ಇಳಿಬಿಟ್ಟು ಕೂಡಿಸಿ.

– ಶುಶ್ರೂಷಾಧಿಕಾರಿಗಳು, ರಾಯಚೂರು